ಎದೆಯ ಮೇಲಿನ ಕಣ್ಣು

"ಕೋರ್ಟು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಕಾಲ ಬಾರದಿರಲಿ" ಎಂಬುದು ನಮ್ಮ ಮನೆಗಳಲ್ಲಿ ಹಿರಿಯರ ಬಾಯಿಂದ ಬರುವ ಮಾತು. ಊರು ಬಿಟ್ಟು ಬಂದು, ಭಾಷೆ ಬಾರದ ನಗರದಲ್ಲಿ ದುಡಿದು ನೆಲೆ ನಿಂತವರಿಗೆ ಆ ಭಯ ಸಹಜವೇ. ಆದರೆ ಯುವ ಮಿತ್ರರೇ, ಈ ನಗರದಲ್ಲಿಯೇ ಹುಟ್ಟಿ ಬೆಳೆದ ನೀವು ಆ ಭಯವನ್ನೂ ಪಿತ್ರಾರ್ಜಿತ ಆಸ್ತಿಯಂತೆ ಪಡೆಯಬೇಕಾಗಿಲ್ಲ. ಪ್ರಶ್ನೆ ಕೇಳುವ ಪೊಲೀಸರೂ ಉತ್ತರ ಕೊಡಬೇಕಾದವರೇ. ಆ ಉತ್ತರವನ್ನು ಪಡೆಯಲು ಇತ್ತೀಚೆಗೆ ಹೊಸದೊಂದು ಸಾಧನ ಬಂದಿದೆ.

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಸಂಚಾರಿ ಪೊಲೀಸರ ಎದೆಯ ಮೇಲೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದೇ ಬಾಡಿ ಕ್ಯಾಮೆರಾ. ಗುಂಡಿ ಒತ್ತಿದರೆ ಚಿತ್ರ, ಧ್ವನಿ ಎರಡೂ ದಾಖಲಾಗುತ್ತವೆ. ಕೆಲವು ಬಗೆಯವು ಗುಂಡಿ ಒತ್ತುವ ಮೊದಲಿನ ಅರ್ಧ ನಿಮಿಷದ ಚಿತ್ರವನ್ನೂ ಉಳಿಸಿಕೊಳ್ಳುತ್ತವೆ. ಲಂಚ ಕೇಳಿದರೆ ಸಾಕ್ಷಿ ಸಿಗುತ್ತದೆ. ಕೇಳದವನ ಮೇಲೆ ಸುಳ್ಳು ಆರೋಪ ಬಂದರೆ ಅವನಿಗೆ ರಕ್ಷೆಯೂ ಆಗುತ್ತದೆ.

ಇದರಿಂದ ಪೊಲೀಸರ ನಡತೆ ನಿಜಕ್ಕೂ ಬದಲಾಗುವುದೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಿಯಾಲ್ಟೊ ಎಂಬ ಸಣ್ಣ ಊರಿನಲ್ಲಿ 2012ರಲ್ಲಿ ಒಂದು ವರ್ಷ ಇದನ್ನು ಪರೀಕ್ಷಿಸಿದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಪೊಲೀಸರ ಮೇಲಿನ ದೂರುಗಳು ಶೇಕಡಾ 88ರಷ್ಟು ಇಳಿದವು. ಜಗತ್ತೆಲ್ಲ ಹುಬ್ಬೇರಿಸಿತು. ಆದರೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ನಡೆದ ಇನ್ನೂ ದೊಡ್ಡ ಪರೀಕ್ಷೆಯ ಫಲ 2017ರಲ್ಲಿ ಹೊರಬಂದಾಗ, ಕ್ಯಾಮೆರಾ ಧರಿಸಿದವರಿಗೂ ಧರಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಹೀಗೇಕೆ? ಕ್ಯಾಮೆರಾ ಬರೀ ಕಣ್ಣು. ಅದನ್ನು ತೆರೆಯುವವರು ಯಾರು, ಕಂಡದ್ದನ್ನು ಕಾಪಾಡುವವರು ಯಾರು, ಯಾರಿಗೆ ತೋರಿಸುತ್ತಾರೆ ಎಂಬುದರಲ್ಲೇ ಎಲ್ಲವೂ ಇದೆ.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿ ಪೊಲೀಸನೊಬ್ಬನ ಮೊಣಕಾಲಿನಡಿ ಪ್ರಾಣಬಿಟ್ಟ. ಅಲ್ಲಿದ್ದ ಪೊಲೀಸರ ಬಳಿ ಬಾಡಿ ಕ್ಯಾಮೆರಾಗಳಿದ್ದವು. ಆದರೂ ಇಲಾಖೆಯ ಮೊದಲ ಹೇಳಿಕೆ ಅದನ್ನು ಆರೋಗ್ಯ ಕೆಟ್ಟು ಆದ ಸಾವೆಂಬಂತೆ ಹೇಳಿತು. ಕುತ್ತಿಗೆ ಮೇಲಿನ ಮೊಣಕಾಲಿನ ಸುದ್ದಿಯೇ ಅದರಲ್ಲಿರಲಿಲ್ಲ. ಸತ್ಯ ಹೊರಬಂದದ್ದು ದಾರಿಬದಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳ ಮೊಬೈಲಿನಿಂದ. ಹೆಚ್ಚುಕಡಿಮೆ ನಿಮ್ಮದೇ ಪ್ರಾಯದವಳು. ಮರುವರ್ಷ ಆ ಪೊಲೀಸನಿಗೆ ಇಪ್ಪತ್ತೆರಡೂವರೆ ವರ್ಷಗಳ ಸೆರೆವಾಸವಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಅದೇ 2020ರ ಜೂನ್‌ನಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟರೆಂಬ ಆರೋಪದ ಮೇಲೆ ತಂದೆ-ಮಗ ಇಬ್ಬರನ್ನೂ ಪೊಲೀಸರು ಹಿಡಿದರು. ಕೆಲವೇ ದಿನಗಳಲ್ಲಿ ಇಬ್ಬರೂ ತೀರಿಕೊಂಡರು. ಠಾಣೆಯಲ್ಲಿ ಸಿಸಿಟಿವಿ ಇತ್ತು! ಆದರೆ ದಿನದಿನದ ಚಿತ್ರ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿಟ್ಟಿದ್ದರು ಎಂದು ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಹೈಕೋರ್ಟಿಗೆ ವರದಿ ಕೊಟ್ಟರು. ಯಂತ್ರ ಮರೆತದ್ದನ್ನು ಹೇಳಿದವಳು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್ಸ್‌ಟೇಬಲ್. ಇಬ್ಬರನ್ನೂ ರಾತ್ರಿಯಿಡೀ ಹೊಡೆದರೆಂದು, ಸಹೋದ್ಯೋಗಿಗಳ ಬೆದರಿಕೆಯ ನಡುವೆಯೇ ಆಕೆ ಸಾಕ್ಷಿ ನುಡಿದಳು. ಬೇಲಿಯೇ ಎದ್ದು ಹೊಲ ಮೇಯುವಾಗ ಕ್ಯಾಮೆರಾದ ಕೀಲಿಯನ್ನು ಬೇಲಿಯ ಕೈಯಲ್ಲೇ ಕೊಟ್ಟರೆ ಏನು ಬಂತು?

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಕೊಟ್ಟ ಆದೇಶ ಈ ಪ್ರಶ್ನೆಗೇ ಉತ್ತರದಂತಿದೆ. ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಮೊಗಸಾಲೆ, ಇನ್‌ಸ್ಪೆಕ್ಟರರ ಕೋಣೆ ಎಲ್ಲೆಡೆ ಧ್ವನಿಸಹಿತ ಕ್ಯಾಮೆರಾ ಇರಬೇಕು. ದಾಖಲೆಯನ್ನು 18 ತಿಂಗಳು, ಅದಕ್ಕೆ ಸಾಧ್ಯವಾಗುವ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ಪೆಟ್ಟು ತಿಂದವರು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಾಗ ಆಯೋಗ ಆ ದಾಖಲೆಯನ್ನು ತರಿಸಿಕೊಳ್ಳಬಹುದು. ಆದೇಶ ಬಂದಿತೆಂದು ಕೆಲಸವಾಯಿತೆನ್ನುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಠಾಣೆಗಳಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ವಿಷಯವನ್ನು ಅದೇ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು.

ಕ್ಯಾಮೆರಾಕ್ಕಿಂತ ಹಳೆಯ ಕಾವಲೊಂದು ನಿಮಗೆ ಗೊತ್ತಿರಲಿ. 1986ರಲ್ಲಿ ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ಸುದ್ದಿಗಳನ್ನು ನೋಡಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಆ ಕಾಗದವೇ ಅರ್ಜಿಯಾಗಿ, 1996ರ ಡಿಸೆಂಬರಿನಲ್ಲಿ 11 ಸೂತ್ರಗಳ ತೀರ್ಪಾಯಿತು. ಬಂಧಿಸಲು ಬರುವ ಪೊಲೀಸನ ಹೆಸರು ಕಾಣುವಂತಿರಬೇಕು. ಬಂಧನದ ದಿನ, ವೇಳೆ ಬರೆದ ಪತ್ರಕ್ಕೆ ಮನೆಯವರೋ ನೆರೆಯ ಗಣ್ಯರೋ ಸಾಕ್ಷಿ ಹಾಕಬೇಕು. ಆಪ್ತರೊಬ್ಬರಿಗೆ ಸುದ್ದಿ ಮುಟ್ಟಬೇಕು. ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ಇನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ 22ನೇ ವಿಧಿಯ ಮಾತೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ, ಮನೆ ಶೋಧಿಸುವಾಗ ಅದರ ವಿಡಿಯೋ ದಾಖಲೆಯನ್ನೂ ಮಾಡಬೇಕು.

ಇದನ್ನು ಓದಿ ಪೊಲೀಸರೆಂದರೆ ಶತ್ರುಗಳೆಂದು ತಿಳಿಯಬೇಡಿ. ಹಬ್ಬದ ರಾತ್ರಿ ನಾವು ಮೆರವಣಿಗೆಯಲ್ಲಿರುವಾಗ ಬೀದಿಯಲ್ಲಿ ನಿಂತು ಕಾಯುವವರು ಅವರೇ. ಸಾತ್ತಾನ್‌ಕುಳಂನಲ್ಲಿ ಸತ್ಯ ನುಡಿದವಳೂ ಖಾಕಿ ತೊಟ್ಟವಳೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮದು. ಅರ್ಧ ನಿಮಿಷದ ವಿಡಿಯೋ ನೋಡಿ ಪೊಲೀಸನನ್ನಾಗಲಿ ಆರೋಪಿಯನ್ನಾಗಲಿ ತೂಗಲು ಹೋಗಬೇಡಿ. ಪೂರ್ತಿ ದಾಖಲೆ ಎಲ್ಲಿ ಎಂದು ಕೇಳಿ. ಹಾಗೆ ಕೇಳುವ ನಾಲ್ಕು ಜನ ಪ್ರತಿ ಬಡಾವಣೆಯಲ್ಲೂ ಇದ್ದರೆ ಆ ಕಪ್ಪು ಪೆಟ್ಟಿಗೆಯ ಕಣ್ಣು ಮುಚ್ಚುವುದು ಅಷ್ಟು ಸುಲಭವಲ್ಲ.