ಮರ ಬರೆಯುವ ಮಕ್ಕಳು, ಅಕ್ರಿಲಿಕ್ ಬಣ್ಣ ಮತ್ತು ವುಝೂ

ರಜೆ ಬಂತೆಂದರೆ ಜುಮಾ ನಮಾಝಿನ ನಂತರ ನಮ್ಮ ಬಳಿ ಬರುವ ಪ್ರಶ್ನೆಗಳಲ್ಲಿ ಚಿತ್ರದ್ದೂ ಒಂದಿರುತ್ತದೆ. "ಮಗಳಿಗೆ ಅಕ್ರಿಲಿಕ್ ಬಣ್ಣ ಬೇಕಂತೆ ಉಸ್ತಾದ್, ಮರ ಗುಡ್ಡ ಬರೀತಾಳಂತೆ, ಬಿಡಬಹುದಾ?" ಕೆಲವು ಮನೆಗಳಲ್ಲಿ ಈ ಪ್ರಶ್ನೆ ಕೇಳುವ ಮೊದಲೇ ಬಣ್ಣದ ಪೆಟ್ಟಿಗೆ ಅಟ್ಟ ಸೇರಿರುತ್ತದೆ. ಖುತ್ಬಾದಲ್ಲಿ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ.

ಮೊದಲು ಮಸ್‌ಅಲ. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ವ್ಯಕ್ತಿ ಇಬ್ನು ಅಬ್ಬಾಸ್(ರ)ರ ಬಳಿಗೆ ಬಂದು ತನ್ನ ಕಸುಬಿನ ಬಗ್ಗೆ ಕೇಳಿದ ಘಟನೆ ಸಹೀಹುಲ್ ಬುಖಾರಿಯಲ್ಲಿದೆ. ಜೀವಿಗಳ ರೂಪ ರಚಿಸುವವರಿಗೆ ಪ್ರವಾದಿ(ಸ)ರು ಕೊಟ್ಟ ಎಚ್ಚರಿಕೆಯನ್ನು ಇಬ್ನು ಅಬ್ಬಾಸ್(ರ) ಅವನಿಗೆ ತಿಳಿಸಿದರು. ಅವನ ಮುಖ ಬಿಳಿಚಿಕೊಂಡಿತು. ಆಗ ಅವರು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಬರೆಯಲೇಬೇಕೆಂದಿದ್ದರೆ ಮರವನ್ನೂ ಆತ್ಮವಿಲ್ಲದ ಇತರ ವಸ್ತುಗಳನ್ನೂ ಬರೆ ಎಂದು ದಾರಿ ತೋರಿಸಿದರು. ನಮ್ಮವರಲ್ಲಿ ಅನೇಕರು ಈ ಹದೀಸಿನ ಮೊದಲರ್ಧವನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧದಲ್ಲಿ ಒಬ್ಬ ಮನುಷ್ಯನ ಅನ್ನವೂ ಉಳಿಯಿತು, ಕೈಕಸುಬೂ ಉಳಿಯಿತು.

ಆ ದಾರಿ ಕಿರಿದಾದದ್ದೇನೂ ಅಲ್ಲ. ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ 8ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ದಮಾಸ್ಕಸ್‌ನ ಉಮಯ್ಯದ್ ಮಸೀದಿಯ ಅಂಗಳದ ಪಶ್ಚಿಮ ಗೋಡೆಯಲ್ಲಿ ಸುಮಾರು 34 ಮೀಟರ್ ಉದ್ದದ ಒಂದು ಚಿತ್ರವಿದೆ. ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ್ದು. ಹರಿಯುವ ನದಿ, ದಡದಲ್ಲಿ ಎತ್ತರದ ಮರಗಳು, ಮರಗಳ ನಡುವೆ ಮನೆಗಳು, ಅರಮನೆಗಳು, ಹಿಂದೆ ಚಿನ್ನದ ಬಣ್ಣ. ಅಷ್ಟು ದೊಡ್ಡ ಚಿತ್ರದಲ್ಲಿ ಒಬ್ಬ ಮನುಷ್ಯನಿಲ್ಲ, ಒಂದು ಪ್ರಾಣಿಯಿಲ್ಲ. ಅದು ಸ್ವರ್ಗವೋ, ಆ ಊರಿನ ಬರದಾ ನದಿಯೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ನಮ್ಮ ವಿಜಯಪುರದ ಜಾಮಿಯಾ ಮಸೀದಿಯಲ್ಲೂ 1636ರಲ್ಲಿ ಮಿಹ್ರಾಬನ್ನು ಚಿನ್ನ ಮತ್ತು ಬಣ್ಣಗಳಿಂದ ಅಲಂಕರಿಸಿದಾಗ ಹೂದಾನಿ, ಪುಸ್ತಕಗಳನ್ನು ಬರೆದರು.

ಇನ್ನು ಕೆಲಸದ ವಿಷಯ. ನಮ್ಮ ಮದ್ರಸದ ಮಕ್ಕಳಿಗೆ ಎರಡು ರಜೆಗಳಲ್ಲಿ ಚಿತ್ರಕಲಾ ಶಿಕ್ಷಕರೊಬ್ಬರು ಅಕ್ರಿಲಿಕ್ ಕಲಿಸಿದ್ದಾರೆ. ನಾವೂ ಹಿಂದಿನ ಸಾಲಿನಲ್ಲಿ ಕುಳಿತು ಬ್ರಷ್ ಹಿಡಿದೆವು. ಮೊದಲ ದಿನ ಎಲ್ಲ ಮಕ್ಕಳೂ ಒಂದೇ ಚಿತ್ರ ಬರೆದರು: ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ. ಇಡೀ ದೇಶದ ಮಕ್ಕಳು ಬರೆಯುವುದು ಇದನ್ನೇ. ಮೇಷ್ಟ್ರು ಏನೂ ಬೈಯಲಿಲ್ಲ. ಮಸೀದಿಯ ಹಿಂದಿನ ಮಾವಿನ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಅರ್ಧ ಗಂಟೆ ಬರೀ ನೋಡಿ ಎಂದರು. ಕಾಂಡದ ಬಣ್ಣ ಏನು ಎಂದು ಕೇಳಿದಾಗ ಎಲ್ಲರೂ ಕಂದು ಎಂದರು. ನೋಡಿದರೆ ಅದು ಬೂದು. ಅಲ್ಲಲ್ಲಿ ಪಾಚಿಯ ಹಸಿರು, ಕಲ್ಲುಹೂವಿನ ಬಿಳಿ. ಎಳೆಯ ಎಲೆಗಳು ಹಸಿರೇ ಅಲ್ಲ, ತಾಮ್ರದ ಕೆಂಪು. ಬೆಟ್ಟಗಳಲ್ಲಿರುವ ಬಿಳಿ, ಕೆಂಪು, ಕಡುಗಪ್ಪು ಪಟ್ಟೆಗಳತ್ತ ಕುರ್‌ಆನ್ (35:27) ನಮ್ಮ ಗಮನ ಸೆಳೆಯುತ್ತದೆ. ಓದುತ್ತೇವೆ, ಆದರೆ ನೋಡುವುದಿಲ್ಲ.

ಅಕ್ರಿಲಿಕ್ ಎಂದರೆ ಬಣ್ಣದ ಪುಡಿ, ನೀರು, ಮತ್ತು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಕಣಗಳು. ನೀರು ಆರಿದ ಕೂಡಲೇ ಆ ಕಣಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಆ ಪದರ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಈ ಬಣ್ಣದ ಅನುಕೂಲವೂ ತೊಂದರೆಯೂ ಈ ಒಂದು ಗುಣದಲ್ಲೇ ಇದೆ. ತೆಳುವಾಗಿ ಬಳಿದದ್ದು ಹತ್ತಿಪ್ಪತ್ತು ನಿಮಿಷಕ್ಕೆ ಒಣಗುತ್ತದೆ. ತಪ್ಪಾದರೆ ಅದರ ಮೇಲೆಯೇ ಮತ್ತೆ ಬರೆಯಬಹುದು. ಆದರೆ ಬ್ರಷ್ ತೊಳೆಯದೆ ಅಸರ್ ನಮಾಝಿಗೆ ಹೋಗಿ ಬಂದರೆ ಆ ಬ್ರಷ್ ಕಡ್ಡಿಯಾಗಿರುತ್ತದೆ. ಹಸಿಯಿದ್ದಾಗ ಪ್ಲಾಸ್ಟಿಕ್ ಹಾಲಿನಂತೆ ಬೆಳ್ಳಗಿದ್ದು ಒಣಗಿದಾಗ ಪಾರದರ್ಶಕವಾಗುವುದರಿಂದ ಬಣ್ಣ ಆರಿದ ಮೇಲೆ ತುಸು ಗಾಢವಾಗುತ್ತದೆ. ಆಕಾಶಕ್ಕೆ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಿಳಿ ಸೇರಿಸಿ.

ದೊಡ್ಡ ಪೆಟ್ಟಿಗೆ ಕೊಳ್ಳಬೇಡಿ. ಬಿಳಿ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಸಿಯೆನ್ನಾ, ಕ್ರಿಮ್ಸನ್ ಈ ಆರು ಟ್ಯೂಬ್ ಸಾಕು. ಹಸಿರು ಟ್ಯೂಬ್ ಬೇಡವೇ ಬೇಡ. ಅದನ್ನು ಹಾಗೆಯೇ ಬಳಿದರೆ ಮರ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತದೆ. ಹಳದಿ ಮತ್ತು ನೀಲಿ ಬೆರೆಸಿ, ಚೂರು ಸಿಯೆನ್ನಾ ಹಾಕಿದರೆ ನಿಜವಾದ ಎಲೆಯ ಹಸಿರು ಬರುತ್ತದೆ. ನೀಲಿಗೆ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ಹತ್ತಿರದ ಬಣ್ಣ, ಅದಕ್ಕೆ ಬಿಳಿ ಸೇರಿಸಿದರೆ ಕಾಂಡದ ಬೂದು.

ದೂರದ್ದನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಬರೆಯಬೇಕು. ಮೊದಲು ಆಕಾಶ. ನಂತರ ದೂರದ ಬೆಟ್ಟ; ನಡುವೆ ಇರುವ ಗಾಳಿ ಬೆಳಕನ್ನು ಚದುರಿಸುವುದರಿಂದ ಅದು ತಿಳಿ ನೀಲಿ, ಅಂಚು ಮಸುಕು. ಘಟ್ಟದ ಸಾಲುಗಳನ್ನು ಬೆಳಿಗ್ಗೆ ನೋಡಿದವರಿಗೆ ಇದು ಗೊತ್ತು: ಹಿಂದಿನ ಸಾಲು ಮುಂದಿನದಕ್ಕಿಂತ ತಿಳಿ. ಮರಕ್ಕೆ ಬಂದಾಗ ಒಂದೊಂದೇ ಎಲೆ ಬರೆಯಲು ಹೋಗಬಾರದು. ಎಲೆಗಳ ಗುಂಪನ್ನು ಮೊದಲು ಗಾಢ ಹಸಿರಿನಲ್ಲಿ ಇಟ್ಟು, ಅದು ಒಣಗಿದ ಮೇಲೆ ಬಿಸಿಲು ಬೀಳುವ ಕಡೆಗೆ ತಿಳಿ ಹಸಿರನ್ನು ಹಳೆಯ ಬ್ರಷ್ಷಿನ ತುದಿಯಿಂದ ತಟ್ಟಬೇಕು. ಎಲೆಗಳ ನಡುವೆ ಆಕಾಶ ಇಣುಕಲು ಜಾಗ ಬಿಡಬೇಕು. ಕೊಂಬೆ ಕವಲೊಡೆದಂತೆಲ್ಲ ತೆಳ್ಳಗಾಗಬೇಕು. ಮಾವಿನದು ಒತ್ತಾದ ಗುಂಪು, ಕೆಳಗೆ ಕಡು ನೆರಳು. ಹುಣಸೆಯ ಅಂಚು ಹೊಗೆಯಂತೆ ಮೃದು. ಎರಡನ್ನೂ ಒಂದೇ ರೀತಿ ಬರೆದರೆ ಅದು ಮರವಲ್ಲ, ಮರದ ಗುರುತು ಅಷ್ಟೇ.

ಕೊಂಬೆಯಲ್ಲೊಂದು ಹಕ್ಕಿ ಬರೆಯಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಗದದ ಮೇಲಿನ ಚಿತ್ರದ ಬಗ್ಗೆ ಉಲಮಾಗಳಲ್ಲಿ ಅಭಿಪ್ರಾಯಭೇದ ಉಂಟು. ನಮ್ಮ ಸಲಹೆ, ಬಿಟ್ಟುಬಿಡಿ. ಹಕ್ಕಿಯಿಲ್ಲದೆ ಆಕಾಶ ಬಡವಾಗುವುದಿಲ್ಲ. ಸೂರ್ಯನಿಗೆ ಕಣ್ಣು ಬಾಯಿ ಬರೆಯುವ ಚಿಕ್ಕವರಿಗೆ ನಗುತ್ತಲೇ ತಿಳಿಹೇಳಿ, ಗದರಬೇಡಿ. ಬರೆದ ಚಿತ್ರವನ್ನು ಗೋಡೆಗೆ ತೂಗಿಹಾಕಬಹುದು, ಮಾರಿ ಸಂಪಾದಿಸಲೂಬಹುದು. ಆದರೆ ನಮಾಝ್ ಮಾಡುವ ಕೋಣೆಯ ಕಿಬ್ಲಾ ಕಡೆಗೆ ಬೇಡ. ನಕ್ಷೆಯಿದ್ದ ಬಟ್ಟೆಯೊಂದು ನಮಾಝಿನಲ್ಲಿ ಗಮನ ಸೆಳೆಯಿತೆಂದು ಪ್ರವಾದಿ(ಸ)ರು ಅದನ್ನು ಹಿಂದಿರುಗಿಸಿದ್ದು ಹದೀಸಿನಲ್ಲಿದೆ.

ಎಲ್ಲರೂ ಮರೆಯುವ ವಿಷಯ ವುಝೂ. ಮೆಹಂದಿ ಚರ್ಮಕ್ಕೆ ಬಣ್ಣ ಹಿಡಿಸುತ್ತದೆ ಅಷ್ಟೇ, ಪದರವಾಗಿ ಉಳಿಯುವುದಿಲ್ಲ. ಅಕ್ರಿಲಿಕ್ ಹಾಗಲ್ಲ, ಒಣಗಿದ ಮೇಲೆ ಕೈಯಲ್ಲಿರುವುದು ಪ್ಲಾಸ್ಟಿಕ್ ಪದರ, ಅದರಡಿ ನೀರು ಹೋಗದು. ತೊಳೆಯಬೇಕಾದ ಅಂಗದಲ್ಲಿ ಅದು ಉಳಿದರೆ ವುಝೂ ಪೂರ್ಣವಾಗುವುದಿಲ್ಲ. ನಮ್ಮ ಜಮಾಅತಿನಲ್ಲಿ ಗೋಡೆಗೆ ಬಣ್ಣ ಬಳಿಯುವ ಸಹೋದರರು ಬಹಳ ಮಂದಿ ಇದ್ದಾರೆ. ಅವರು ಬಳಸುವ ಅಕ್ರಿಲಿಕ್ ಎಮಲ್ಷನ್ ಇದರ ಅಣ್ಣ. ಅದನ್ನೇ ಕಸುಬಾಗಿಸಿಕೊಂಡವರ ಕಷ್ಟವನ್ನು ಫುಕಹಾಗಳು ಗಮನಿಸಿದ್ದಾರೆ: ಬಣ್ಣಗಾರನ ಉಗುರಿನ ಮೇಲೆ ಉಳಿದದ್ದು ಅಡ್ಡಿಯಲ್ಲ ಎಂಬ ಮಾತು ಹನಫೀ ಗ್ರಂಥ ದುರ್ರುಲ್ ಮುಖ್ತಾರ್‌ನಲ್ಲಿದೆ. ಶಾಫಿಈ ಮದ್‌ಹಬಿನಲ್ಲಿ ಪದರವನ್ನು ತೆಗೆಯಲೇಬೇಕೆಂಬ ನಿಲುವು ಬಿಗಿಯಾದದ್ದು. ಹವ್ಯಾಸಕ್ಕೆ ಬರೆಯುವವರು ಆ ರಿಯಾಯಿತಿಯನ್ನು ತಮ್ಮದೆಂದುಕೊಳ್ಳಬಾರದು. ಬಟ್ಟೆಯ ಮೇಲಿನ ಬಣ್ಣದ ಕಲೆ ನಜಸ್ ಅಲ್ಲ, ಅದರಲ್ಲಿ ನಮಾಝ್ ಆಗುತ್ತದೆ.

ಹಸಿಯಿರುವಾಗಲೇ ಸಾಬೂನು ಹಾಕಿ ತೊಳೆದರೆ ಕೆಲಸ ಸುಲಭ. ಒಣಗಿದ್ದರೆ ಬಿಸಿನೀರಿನಲ್ಲಿ ಕೈ ನೆನೆಸಿ, ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಸಿಪ್ಪೆಯಂತೆ ಏಳುತ್ತದೆ, ಎಣ್ಣೆ ಹೋಗುವಂತೆ ಮತ್ತೆ ಸಾಬೂನು. ಹಟಮಾರಿ ಕಲೆಗೆ ಸ್ಯಾನಿಟೈಸರ್ ಸಾಕಾಗುತ್ತದೆ. ಥಿನ್ನರ್ ಮಕ್ಕಳ ಕೈಗೆ ಕೊಡಬೇಡಿ. ಬ್ರಷ್ಷನ್ನು ಮೊದಲು ಹಳೆಯ ಪತ್ರಿಕೆಗೆ ಒರೆಸಿ, ಆಮೇಲೆ ಬಕೆಟ್ಟಿನಲ್ಲಿ ತೊಳೆಯಿರಿ. ಮಸೀದಿಯ ಹೌಝಿನ ಬಳಿ ಮಾತ್ರ ಬೇಡ. ಕಳೆದ ರಜೆಯಲ್ಲಿ ಅಲ್ಲಿಯ ಮೆಟ್ಟಿಲಿಗೆ ಹತ್ತಿದ ನೀಲಿ ಇನ್ನೂ ಹೋಗಿಲ್ಲ.