ಡ್ಯಾಷ್‌ಬೋರ್ಡ್ ಹಿಂದಿನ ನಾಲ್ಕು ಬುಷ್

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಹಳೆಯ ಕಾರು ಬಿಚ್ಚುವವರ ಬಳಿ ಜನ ಸಾಮಾನ್ಯವಾಗಿ ಕೇಳುವುದು ಬಾಗಿಲು, ಗೇರ್‌ಬಾಕ್ಸ್, ಹೆಡ್‌ಲೈಟ್. ಹಲಸೂರಿನ ಈ ಆಟೋ ಎಲೆಕ್ಟ್ರಿಷಿಯನ್ ಹುಡುಕುವುದು ರೇಡಿಯೇಟರ್ ಕೂರುವ ರಬ್ಬರ್ ಬುಷ್. ಒಂದೊಂದನ್ನೂ ಬೆರಳ ನಡುವೆ ಅದುಮಿ, ಉಗುರು ಊರಿ ನೋಡುತ್ತಾರೆ. ಸೆಟೆದುಕೊಂಡದ್ದನ್ನು ಅಲ್ಲೇ ಬಿಡುತ್ತಾರೆ. ಸುತ್ತಲಿನ ಗ್ಯಾರೇಜಿನವರಿಗೆಲ್ಲ ಅವರು ‘ಭಾಯ್’. ಕಾರಿಗೆ ಹೊರಗಿನ ಇಸಿಎಂ ಹಾಕಿಸಿದವರು ಅದಕ್ಕೆ ಮ್ಯಾಪ್ ಹಾಕಿ ಟ್ಯೂನಿಂಗ್ ಮಾಡಿದವರನ್ನು ಕೊಂಡಾಡುತ್ತಾರೆ. ಆ ಪೆಟ್ಟಿಗೆಯನ್ನು ಇಂಥ ಬುಷ್‌ಗಳ ಮೇಲೆ ಭದ್ರವಾಗಿ ಕೂರಿಸಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಈ ಎರಡನೆಯ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಪೆಟ್ರೋಲ್ ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹೊತ್ತಬೇಕು ಎಂದು ತೀರ್ಮಾನಿಸುವ ಕಂಪ್ಯೂಟರೇ ಇಸಿಎಂ. ಕಂಪನಿಯ ಇಸಿಎಂಗೆ ಕಾರಿನಲ್ಲಿ ಗೊತ್ತಾದ ಜಾಗವಿರುತ್ತದೆ. ಹೊರಗಿನದಕ್ಕೆ ಜಾಗ ಹುಡುಕಬೇಕು. ಬಾನೆಟ್ ಅಡಿಯಲ್ಲಿ ಎಷ್ಟೇ ಜಾಗ ಕಂಡರೂ ಭಾಯ್ ಒಪ್ಪುವುದಿಲ್ಲ. ಎಕ್ಸಾಸ್ಟ್ ಕಾವು ಪಕ್ಕದಲ್ಲೇ ಇರುತ್ತದೆ. ಇಂಥ ಪೆಟ್ಟಿಗೆಗಳ ಚಿಪ್‌ಗಳಲ್ಲಿ ಅನೇಕವು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಾಳುವ ದರ್ಜೆಯವು. ಸೀಟಿನ ಕೆಳಗೆ ಇಡುವುದು ಸುಲಭ, ಆದರೆ ಇದು ಬೆಂಗಳೂರು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರಿನಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ಊರೇ ನೋಡಿತು. ಹಾಗಾಗಿ ಅವರು ಆರಿಸುವುದು ಡ್ಯಾಷ್‌ಬೋರ್ಡಿನ ಹಿಂದೆ, ಗ್ಲೋವ್ ಬಾಕ್ಸಿನ ಮೇಲಿನ ಜಾಗ. ಅಲ್ಲಿಯೂ ಎಸಿ ಕಾಯಿಲ್‌ನ ತೇವ ತಾಗದಷ್ಟು ದೂರ ಇರಬೇಕು.

ಮೊದಲು ರಟ್ಟು ಕತ್ತರಿಸಿ ಅಳತೆ, ಆಮೇಲೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟು. ಪ್ಲೇಟಿನ ನಾಲ್ಕು ಮೂಲೆಗೆ ನಾಲ್ಕು ಬುಷ್. ಇಲ್ಲಿ ಭಾಯ್ ತೆಗೆದುಕೊಳ್ಳುವ ಸಮಯ ನೋಡಿದರೆ ಇಡೀ ಕಾರು ಈ ನಾಲ್ಕು ರಬ್ಬರಿನ ಮೇಲೇ ನಿಂತಿದೆ ಅನ್ನಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಸಲ ಕಿಡಿ ಹೊತ್ತುತ್ತದೆ. ಆ ನಡುಕದ ಜೊತೆಗೆ ನಮ್ಮ ಹಂಪು, ಗುಂಡಿ. ಪೆಟ್ಟಿಗೆಯನ್ನು ನೇರವಾಗಿ ತಗಡಿಗೆ ಬಿಗಿದರೆ ಒಳಗಿನ ಬೆಸುಗೆ ನಿಧಾನವಾಗಿ ಬಿರುಕು ಬಿಡುತ್ತದೆ. ಬರೀ ಡಬಲ್ ಟೇಪಿನಲ್ಲಿ ಅಂಟಿಸಿದರೆ ಬಿಸಿಲಿಗೆ ಅಂಟು ಬಿಡುತ್ತದೆ. ಬುಷ್ ಹಾಕಿಯೂ ನಟ್ಟನ್ನು ಪೂರ್ತಿ ಬಿಗಿದರೆ ರಬ್ಬರು ಅಪ್ಪಚ್ಚಿಯಾಗಿ ಹಾಕಿದ್ದೇ ವ್ಯರ್ಥ. ಅದಕ್ಕೆ ಅವರು ಬುಷ್‌ನ ತೂತಿನೊಳಗೆ ಸಣ್ಣ ಸ್ಟೀಲ್ ಕೊಳವೆ ಇಡುತ್ತಾರೆ. ನೈಲಾಕ್ ನಟ್ ಆ ಕೊಳವೆಯ ಮೇಲೆ ಬಿಗಿಯುತ್ತದೆ, ರಬ್ಬರು ತನ್ನ ಪಾಡಿಗೆ ಮೆತ್ತಗೇ ಉಳಿಯುತ್ತದೆ.

ವೈರಿಂಗ್ ಕಿಟ್ಟನ್ನು ಕಪ್ಲರಿನಿಂದ ನಾಲ್ಕು ಬೆರಳಗಲದಲ್ಲೇ ಅದೇ ಪ್ಲೇಟಿಗೆ ಕಟ್ಟಬೇಕು. ಪೆಟ್ಟಿಗೆ ಅಲುಗಿದರೆ ವೈರೂ ಅದರ ಜೊತೆಗೇ ಅಲುಗಬೇಕು, ಇಲ್ಲದಿದ್ದರೆ ಪಿನ್ನುಗಳು ಸಡಿಲವಾಗುತ್ತವೆ. ಅಲ್ಲಿಂದ ಕಾರಿನ ಬಾಡಿಯತ್ತ ಹೋಗುವಾಗ ಸ್ವಲ್ಪ ಸಡಿಲ ಬಿಡಬೇಕು. ಕಪ್ಲರಿನ ಬಾಯಿ ಕೆಳಮುಖ. ವೈರು ಕೆಳಗಿಳಿದು ಮತ್ತೆ ಮೇಲೇರಬೇಕು, ಆಗ ಅದರ ಮೇಲೆ ಹರಿದು ಬಂದ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್ ತರಹದ ಪೆಟ್ಟಿಗೆಗೆ ಎಂಜಿನ್ನಿನಿಂದ ವ್ಯಾಕ್ಯೂಮ್ ಪೈಪೂ ಬರುತ್ತದೆ. ಪೆಟ್ಟಿಗೆ ಎತ್ತರದಲ್ಲಿದ್ದರೆ ಪೈಪಿನ ತೇವ ಎಂಜಿನ್ ಕಡೆಗೇ ಇಳಿಯುತ್ತದೆ. ಅರ್ತ್ ವೈರುಗಳೆಲ್ಲ ಎಂಜಿನ್ ಬ್ಲಾಕಿನ ಒಂದೇ ಜಾಗಕ್ಕೆ.

“ಮ್ಯಾಪ್ ಹಾಕೋರು ಲ್ಯಾಪ್‌ಟಾಪ್ ಮಡಚ್ಕೊಂಡು ಹೋಗ್ತಾರೆ ಸಾರ್. ಆಮೇಲೆ ಹಂಪ್ ಹಾರೋದು ನಾನು ಕಟ್ಟಿದ್ದು,” ಎನ್ನುತ್ತಾರೆ ಭಾಯ್.

ಈ ಕಸುಬಿನ ಬಗ್ಗೆ ಅವರು ಹೇಳುವ ಚರಿತ್ರೆ ಚಿಕ್ಕದು. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ಮಾಡುತ್ತಿದ್ದ ಕಾಲದಿಂದ ಈ ಊರಿನ ಮೆಕ್ಯಾನಿಕ್‌ಗಳಿಗೆ ಎಂಜಿನ್ ವಿದ್ಯೆ ಹತ್ತಿರ. 2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ, ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಿದ್ದವರು ಮೀಟರ್ ಹಿಡಿದು ವೋಲ್ಟ್ ಅಳೆಯಲು ಕಲಿತರು. ಜಿಪ್ಸಿ, ಎಸ್ಟೀಮ್ ಇಟ್ಟುಕೊಂಡ ರ‍್ಯಾಲಿ ಹುಡುಗರು ಭಾಯ್ ಅಂಗಡಿಗೆ ಬರತೊಡಗಿದರು.

ಈಗ ಬರುವವರು ಕಡಿಮೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ. ರಸ್ತೆಯ ಗಾಳಿಯ ದೃಷ್ಟಿಯಿಂದ ಇವು ಸರಿಯಾದ ನಿಯಮಗಳೇ. ಭಾಯ್ ಕೂಡ ಟ್ರ್ಯಾಕಿನಲ್ಲಿ ಓಡುವ ಕಾರುಗಳನ್ನಷ್ಟೇ ಮುಟ್ಟುತ್ತಾರೆ. ಆದರೆ ಎಲೆಕ್ಟ್ರಿಕ್ ಗಾಡಿಗೂ ಕಂಟ್ರೋಲರ್ ಪೆಟ್ಟಿಗೆ ಬೇಕು. ನಡುಕ, ನೀರು, ಸಡಿಲ ಕಪ್ಲರು ಅದನ್ನೂ ಬಿಡುವುದಿಲ್ಲ. ಈ ಕೈಕೆಲಸ ಐಟಿಐಗಳ ಕಿವಿಗೆ ಬೀಳಬೇಕೆಂದು ನನ್ನ ಆಸೆ. ಭಾಯ್ ಬಳಿ ಕಲಿತ ಹುಡುಗ ಕೆ.ಆರ್.ಪುರದ ಕಡೆ ಬ್ಯಾಟರಿ ಸ್ಕೂಟರ್ ವರ್ಕ್‌ಶಾಪ್ ಸೇರಿದ್ದಾನೆ, ಅವನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬಂದರೆ ಕಲಿಸುತ್ತೇನೆ ಎನ್ನುತ್ತಾರೆ ಭಾಯ್. ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಅವರಿಗೆ ಬಿಡುವು.