ಆಮೆಗೊಂದು ಉಚ್ಚಾರ, ಚಂದ್ರನಿಗೊಂದು ಉಚ್ಚಾರ

1870ರಲ್ಲಿ ಕೇಪ್‌ಟೌನ್ ಬಂದರಿನ ಬ್ರೇಕ್‌ವಾಟರ್ ಜೈಲಿನಲ್ಲಿ ಖಾಮ್ ಜನಾಂಗದ ಕೈದಿಗಳಿದ್ದರು. ಹಲವರ ಮೇಲಿದ್ದದ್ದು ಕುರಿ, ದನ ಕದ್ದ ಅಪರಾಧ. ಅವರು ಬೇಟೆಯಾಡುತ್ತಿದ್ದ ಒಣ ಬಯಲನ್ನು ಬಿಳಿಯ ರೈತರು ಕಬಳಿಸಿದ್ದರು. ದಂಡು ಕಟ್ಟಿಕೊಂಡು ಹೋಗಿ ಖಾಮ್ ಜನರನ್ನು ಕೊಲ್ಲುವುದೂ ತಲೆಮಾರುಗಳಿಂದ ನಡೆದಿತ್ತು. ಜರ್ಮನ್ ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಸರ್ಕಾರದ ಒಪ್ಪಿಗೆ ಪಡೆದು ಕೆಲವರನ್ನು ಮೌಬ್ರೆಯ ತಮ್ಮ ಮನೆಗೆ ಕರೆತಂದರು. ಹೆಂಡತಿಯ ಸೋದರಿ ಲೂಸಿ ಲಾಯ್ಡ್ ಜತೆಗೂಡಿ ಅವರ ಮಾತು, ಕಥೆಗಳನ್ನು ಬರೆದುಕೊಳ್ಳತೊಡಗಿದರು.

‘ಖಾಮ್’ ಎಂಬ ಹೆಸರಿನ ಮೊದಲಿಗೇ ಒಂದು ಕ್ಲಿಕ್ ಧ್ವನಿಯಿದೆ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ನಾಲಿಗೆಯ ಹಿಂಭಾಗ ಅಂಗುಳಕ್ಕೂ ತುದಿ ಹಲ್ಲಿನ ಹಿಂದೆಯೂ ಅಂಟಿಕೊಳ್ಳುತ್ತವೆ. ನಡುಭಾಗ ಕೆಳಗಿಳಿದಾಗ ಒಳಗೆ ಸಿಕ್ಕ ಗಾಳಿಯ ಒತ್ತಡ ತಗ್ಗುತ್ತದೆ. ತುದಿ ಬಿಡಿಸಿಕೊಂಡ ಕೂಡಲೇ ಹೊರಗಿನ ಗಾಳಿ ಒಳನುಗ್ಗಿ ಸದ್ದಾಗುತ್ತದೆ. ‘ಅಯ್ಯೋ ಪಾಪ’ ಎಂದು ನಾವು ಲೊಚಗುಟ್ಟುವಾಗ ಆಗುವುದೂ ಇದೇ. ಖಾಮ್ ಭಾಷೆಯಲ್ಲಿ ಇಂಥವು ಪೂರ್ಣ ವ್ಯಂಜನಗಳು. ತುಟಿ, ಹಲ್ಲು, ವಸಡು, ಅಂಗುಳ, ನಾಲಿಗೆಯ ಪಕ್ಕ ಎಂದು ಐದು ಬಗೆ.

ನನ್ನನ್ನು ಬೆರಗುಗೊಳಿಸುವುದು ಕಥೆಗಾರರು ಈ ಧ್ವನಿಗಳನ್ನು ಪಳಗಿಸಿಕೊಂಡಿದ್ದ ರೀತಿ. ಅವರ ಕಥೆಯ ಪ್ರಾಣಿಗಳಿಗೆ ತಂತಮ್ಮ ಬಾಯಿಯ ಆಕಾರಕ್ಕೆ ಒಪ್ಪುವ ಉಚ್ಚಾರವಿತ್ತು. ಆಮೆಯ ಬಾಯಲ್ಲಿ ಕ್ಲಿಕ್‌ಗಳೆಲ್ಲ ತುಟಿಯ ವ್ಯಂಜನಗಳಾಗುತ್ತಿದ್ದವು. ನರಿಗೆ ಬೇರೆ ಯಾರೂ ಬಳಸದ ಒಂದು ತುಟಿಕ್ಲಿಕ್. ಚಂದ್ರನಂತೂ ತುಟಿಯದೊಂದನ್ನು ಬಿಟ್ಟು ಉಳಿದೆಲ್ಲ ಕ್ಲಿಕ್‌ಗಳ ಜಾಗದಲ್ಲಿ ಒಂದೇ ಒಂದು ವಿಚಿತ್ರ ಕ್ಲಿಕ್ ಆಡುತ್ತಿದ್ದ. ಅದನ್ನು ಉಚ್ಚರಿಸುವುದು ಅಸಾಧ್ಯವೆಂಬಷ್ಟು ಕಷ್ಟ ಎಂದು ಬ್ಲೀಕ್ ದಾಖಲಿಸಿದ್ದಾರೆ. ಅಕ್ಷರವೇ ಇಲ್ಲದ ಜನ ಧ್ವನಿವಿಜ್ಞಾನವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದರು!

ಕಥೆಗಾರರಲ್ಲಿ ಹಿರಿಯರಾದ ಕಬ್ಬೊ, ಶಿಕ್ಷೆ ಮುಗಿದ ಮೇಲೂ ಮೌಬ್ರೆಯಲ್ಲೇ ಉಳಿದರು. ತಮ್ಮವರ ಕಥೆಗಳು ಪುಸ್ತಕದ ಮೂಲಕ ಜನಕ್ಕೆ ತಲುಪಬೇಕೆಂಬ ಆಸೆ ಅವರದು. ಊರಿಗೆ ಮರಳಿ 1876ರಲ್ಲಿ ತೀರಿಕೊಂಡರು. ಬ್ಲೀಕ್ ಅದರ ಹಿಂದಿನ ವರ್ಷವೇ ಹೋಗಿದ್ದರು. ಲಾಯ್ಡ್ ಪಟ್ಟುಬಿಡದೆ ದುಡಿದು 1911ರಲ್ಲಿ ಪುಸ್ತಕ ತಂದರು. ಇಬ್ಬರೂ ಬರೆದುಕೊಂಡಿದ್ದ 12,000ಕ್ಕೂ ಹೆಚ್ಚು ಪುಟಗಳ ಟಿಪ್ಪಣಿಗಳನ್ನು ಯುನೆಸ್ಕೊ 1997ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಭಾಷೆ ಮಾತ್ರ 20ನೇ ಶತಮಾನದ ಮೊದಲ ಭಾಗದಲ್ಲೇ ಅಳಿದುಹೋಗಿತ್ತು.

2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಲಾಂಛನದ ಧ್ಯೇಯವಾಕ್ಯವನ್ನು ಖಾಮ್ ಭಾಷೆಯಲ್ಲೇ ಬರೆಸಿತು: ಬೇರೆ ಬೇರೆ ಜನ ಒಂದಾಗಲಿ ಎಂಬ ಅರ್ಥ. ಗೌರವವೇನೋ ದೊಡ್ಡದು. ಆದರೆ ಬದುಕಿರುವ ಸೋದರ ಭಾಷೆಯತ್ತ ಗಮನ ಇನ್ನೂ ಹೆಚ್ಚು ಹರಿಯಬೇಕಿತ್ತು. ಅದರ ಹೆಸರು ನೂ. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯವರೆಂದು ಹೆಸರಾದ ಕತ್ರಿನಾ ಎಸಾವ್, ಅಪಿಂಗ್ಟನ್‌ನ ತಮ್ಮ ಮನೆಯಲ್ಲೇ ಶಾಲೆ ನಡೆಸಿ ಮಕ್ಕಳಿಗೆ ಒಂದೊಂದೇ ಕ್ಲಿಕ್ ಕಲಿಸಿದರು.